ಕಾಳುಮೆಣಸಿನ ಕಣ್ಣಿನ ಭೂತಗಳು

ಜ್ವರ ಬಿಟ್ಟು ಐದು ದಿನವಾದರೂ ನನ್ನ ಮಗಳು ಅನ್ನ ಮುಟ್ಟಿರಲಿಲ್ಲ. ಆರು ವರ್ಷದ ಕೂಸು, ಎತ್ತಿಕೊಂಡರೆ ಭಾರವೇ ಇಲ್ಲ. ತೀರ್ಥಹಳ್ಳಿಯ ಡಾಕ್ಟರು, "ಔಷಧಿ ಸಾಕಮ್ಮ, ಇನ್ನು ಹೊಟ್ಟೆಗೆ ಏನಾದ್ರೂ ಹೋಗ್ಬೇಕು. ಇಲ್ದಿದ್ರೆ ನನ್ ಕೈಲಿಲ್ಲ" ಅಂದುಬಿಟ್ಟಿದ್ದರು. ಅವತ್ತಿಂದ ನಾನು ನಿದ್ದೆಯಲ್ಲಿ ನಡೆದ ಹಾಗೆ ಮನೆಯೊಳಗೆ ಓಡಾಡುತ್ತಿದ್ದೆ.

ಅರವತ್ತರ ದಶಕದ ಮಾತು. ನಾವಾಗ ಹೊಸನಗರದಲ್ಲಿದ್ದೆವು. ದೀಪಾವಳಿಗೆ ಇನ್ನೇನು ಮೂರು ದಿನ. ಬೆಳಗ್ಗೆ ಹತ್ತಾದರೂ ಮಂಜು ಕಿಟಕಿ ದಾಟಿ ಬಂದು ಕೋಣೆಯಲ್ಲಿ ಕೂತಿರುತ್ತಿತ್ತು. ಮಗಳು ಮಲಗಿದಲ್ಲಿಂದಲೇ ಅದನ್ನು ನೋಡುತ್ತಾ, "ಅಲ್ಲೊಂದು ಭೂತ ಇದ್ದು ಅಮ್ಮಾ. ನಾ ಬಾಯಿ ತೆಗೆದ್ರೆ ಅದೂ ತೆಗೀತು. ತುತ್ತು ಅದಕ್ಕೇ ಹೋಗ್ತು" ಅಂದಳು. ಗದರಿದೆ, ಮುದ್ದು ಮಾಡಿದೆ, ಎರಡೂ ದಂಡ.

ರಜೆಗೆ ಅಂತ ಅಕ್ಕನ ಇಬ್ಬರು ಹೆಣ್ಣುಮಕ್ಕಳು ಸಾಗರದಿಂದ ಬಂದಿದ್ದರು. ದೊಡ್ಡವಳು ನನ್ನ ಸೆರಗು ಜಗ್ಗಿ, "ಚಿಕ್ಕಮ್ಮಾ, ಆ ಭೂತನ್ನೇ ಬಿಸ್ಕತ್ತು ಮಾಡಿ ತಿಂದುಬಿಟ್ರೆ?" ಅಂದಳು. ನನಗಂತೂ ಹೊಳೆದಿರಲಿಲ್ಲ.

ಅತ್ತೆಯವರದು ಭಾರಿ ಮಡಿ. ಅಂಗಡಿ ತಿಂಡಿ ಹೊಸ್ತಿಲು ದಾಟುವ ಹಾಗಿಲ್ಲ. ಅದರ ಮೇಲೆ ನಮಗಿಬ್ಬರಿಗೂ ಎಷ್ಟು ಮಾತು ಬೆಳೆದಿತ್ತೋ, ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಅವತ್ತು ಏಕಾದಶಿ, ಅವರು ನೀರೂ ಮುಟ್ಟದೆ ದೇವರ ಕೋಣೆಯಲ್ಲಿದ್ದರು. ನಾನು ಮೈದಾ, ತುಪ್ಪ, ಸಕ್ಕರೆ ಕಲಸಿ ಮಕ್ಕಳ ಮುಂದಿಟ್ಟೆ. ದಪ್ಪ ಪಾತ್ರೆಗೆ ಮರಳು ಹಾಸಿ ಒಲೆ ಮೇಲೇರಿಸಿದೆ, ಮುಚ್ಚಳದ ಮೇಲೆ ಕೆಂಡ ಹರಡಿದೆ.

ಭೂತ ಹೇಗಿದೆ ಅಂತ ಮಗಳು ಮಲಗಿಯೇ ಹೇಳುತ್ತಿದ್ದಳು. ಕಾಲು ಒಂದೇ. ಕಿವಿ ಕೆಸುವಿನ ಎಲೆಯಷ್ಟು. ಅಕ್ಕನ ಮಕ್ಕಳು ತಟ್ಟಿದ್ದು ಸರಿಬರದೆ ತಾನೇ ಎದ್ದು ಕೂತಳು, ಕಾಳುಮೆಣಸು ಒತ್ತಿ ಕಣ್ಣು ಇಟ್ಟಳು. ಬೇಯುವ ತುಪ್ಪದ ವಾಸನೆ ಮಂಜಿನೊಳಗೆ ಮೆಲ್ಲಗೆ ಸೇರಿತು. ಹೊತ್ತು ಎಷ್ಟಾಯಿತು ಅಂತ ಯಾರಿಗೂ ನೆನಪಿಲ್ಲ. ತೆಗೆದಾಗ ಭೂತಗಳ ಕೆನ್ನೆ ಬಿರಿದು ಇನ್ನಷ್ಟು ವಿಕಾರವಾಗಿದ್ದವು. ಮಗಳು ಒಂದನ್ನು ಕೈಗೆತ್ತಿಕೊಂಡಳು.

"ಕಣ್ಣಿಟ್ಟಿದ್ದನ್ನ ತಿಂಬಲಾಗ. ಜೀವ ಬಂದ ಹಾಗೆ ಲೆಕ್ಕ. ಮರದ ಬುಡಕ್ಕೆ ಇಟ್ಟು ಬನ್ನಿ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಗಳು ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ತುಟಿ ಬಿಗಿದುಕೊಂಡಳು.

ನನಗೆ ಎಲ್ಲಿತ್ತೋ ಸಿಟ್ಟು. "ನಿಂಗಳ ಶಾಸ್ತ್ರ ದೊಡ್ಡದೋ, ನನ್ನ ಕೂಸು ದೊಡ್ಡದೋ?" ಅಂದುಬಿಟ್ಟೆ.

ಅತ್ತೆ ಮಡಿಸೀರೆಯಲ್ಲೇ ಬಂದು ಜ್ವರದ ಹಾಸಿಗೆಯ ಮೇಲೆ ಕೂತರು. ಎಲ್ಲಕ್ಕಿಂತ ದೊಡ್ಡ ಭೂತವನ್ನು ತೆಗೆದುಕೊಂಡು, ಕಣ್ಣು ಸಮೇತ ತಲೆಯನ್ನು ಕಚ್ಚಿದರು. ಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು.

"ನೋಡು ಕೂಸೇ, ಆನು ತಿಂದಿ. ಎಂತೂ ಆಜಿಲ್ಲೆ" ಅಂತ ತಮಗೇನೂ ಆಗಿಲ್ಲವೆಂದು ತೋರಿಸಿದರು.

ಮಗಳು ಅವರ ಮುಖವನ್ನೇ ನೋಡಿದಳು. ಆಮೇಲೆ, "ಕಾಲು ನಂಗೆ" ಅಂದಳು. ಅಗಿದಳು, ನುಂಗಿದಳು, ಇನ್ನೊಂದಕ್ಕೆ ಕೈ ಚಾಚಿದಳು. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅತ್ತೆ ಎದ್ದು ಮತ್ತೆ ಸ್ನಾನಕ್ಕೆ ಹೊರಟರು. ನನ್ನ ಪಕ್ಕ ಬಂದಾಗ ನಿಂತು, "ಇದಕ್ಕೆ ಮೊಟ್ಟೆ ಹಾಕಿದ್ಯೇನೇ?" ಅಂತ ಮೆಲ್ಲಗೆ ಕೇಳಿದರು.

"ಇಲ್ಲೆ ಅತ್ತೆ."

"ಹಾಕಿದ್ರೂ ಆನು ತಿಂತಿದ್ದಿ" ಅಂದು ಬಚ್ಚಲಿಗೆ ಹೋದರು.