ಮರಿ ಹಾಕುವ ದಿನ ಬರೀ ನೀರು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಕಿಗಂಜು ಹಳ್ಳಿಯ ಬಾಳೆತೋಟದ ನಡುವೆ, ಮುದುಕ ಲಿಯೋನ್ಸಿಯೊ ಮುಬಿರು ಅವರ ಹಂದಿಗೂಡಿನ ಮುಂದೆ, ಪೆರ್ಪೆತುವಾ ನಸ್ಸೋಜಿ ಮಂಡಿಯೂರಿ ಕೂತಿದ್ದಾರೆ. ಹಿರಿಯರನ್ನು ಮಾತಾಡಿಸುವಾಗ ಹೆಂಗಸರು ಮಂಡಿಯೂರುವುದು ಇಲ್ಲಿಯ ರೂಢಿ. ಹಾಗೆ ಮಂಡಿಯೂರಿಕೊಂಡೇ ಅವರು ಆ ಹಿರಿಯರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾರೆ.

“ರಾತ್ರಿ ಚೆನ್ನಾಗಿ ನಿದ್ದೆ ಬಂತಾ, ಯಜಮಾನ್ರೇ? ಮನೇಲೆಲ್ಲ ಸೌಖ್ಯನಾ? ಒಳ್ಳೇದಾಯ್ತು. ಆ ಬೋಗುಣೀಲಿ ಏನಿದೆ?”

“ಏನಿಲ್ಲಮ್ಮ, ಒಂಚೂರು ಬಾಳೇಕಾಯಿ ಬೇಯಿಸಿದ್ದು.”

“ಅದರ ಅಡೀಲಿ?”

ಮುಬಿರು ಬೋಗುಣಿಯನ್ನು ಬೆನ್ನ ಹಿಂದೆ ಸರಿಸುತ್ತಾರೆ. ಅಡಿಯಲ್ಲಿ ಇರುವುದು ಬಾಳೆಹಣ್ಣಿನ ಹೆಂಡದ ಗಸಿ. ಪೆರ್ಪೆತುವಾ ಅವರ ಕೆಲಸ ನೋಡಿ ಬರೆಯಲು ಬಂದು ಬದಿಯಲ್ಲಿ ನಿಂತ ನನ್ನವರೆಗೂ ವಾಸನೆ ಬರುತ್ತಿದೆ. ಊರಿನ ಒಳ್ಳೆಯ ಹೆಂಡ ಮಾಡುವವರೆಂದರೆ ಅವರೇ, ಹಾಗಾಗಿ ಗಸಿಗೆ ಬರವಿಲ್ಲ.

“ಬಸುರಿ ಕಣಮ್ಮ ಅದು. ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಖಾಲಿ ಹೊಟ್ಟೇಲಿ ಹೆರೋಕೆ ಶಕ್ತಿ ಎಲ್ಲಿಂದ ಬರುತ್ತೆ? ನೀನೇನು ಕಟುಕಳಾ?”

“ಹೂಂ, ಕಟುಕಳೇ. ಹೋದ ಸಲ ನೀವು ಶಕ್ತಿ ಕೊಟ್ರಲ್ಲ, ಏನಾಯ್ತು?”

ಹೋದ ಸಲ ಆದದ್ದು ಊರಿಗೆಲ್ಲ ಗೊತ್ತು. ಮರಿ ಹಾಕುವ ಹಿಂದಿನ ದಿನ ಮುಬಿರು ಪ್ರೀತಿಯಿಂದ ಒಂದು ಬೋಗುಣಿ ಗಸಿ ಕುಡಿಸಿದರು. ಹಂದಿ ಅಮಲಿನಲ್ಲಿ ಒಂಬತ್ತು ಮರಿ ಹಾಕಿ, ಅದೇ ಅಮಲಿನಲ್ಲಿ ಐದರ ಮೇಲೆ ಹೊರಳಿತು. ಉಳಿದ ನಾಲ್ಕಕ್ಕೆ ಹಾಲು ಸಿಗಲಿಲ್ಲ.

ಆ ನಷ್ಟ ಮುಬಿರು ಒಬ್ಬರದೇ ಆಗಿರಲಿಲ್ಲ. ಈ ಊರಿನ ಹದಿನೇಳು ಮನೆಗಳು ಸೇರಿ ಒಂದು ಗುಂಪು ಮಾಡಿಕೊಂಡಿವೆ. ಗುಂಪಿನಿಂದ ಹೆಣ್ಣು ಮರಿ ಪಡೆದವರು, ಅದು ಬೆಳೆದು ಮರಿ ಹಾಕಿದಾಗ ಎರಡು ಹೆಣ್ಣು ಮರಿಗಳನ್ನು ಸರದಿಯಲ್ಲಿ ಮುಂದಿರುವವರಿಗೆ ಕೊಡಬೇಕು. ಮುಬಿರು ನಂತರದ ಸರದಿ ರೆಸ್ತಿತೂತಾ ಅವರದು. ಅವಳಿ ಹೆತ್ತವರಾದ್ದರಿಂದ ಎಲ್ಲರೂ ಅವರನ್ನು ಕರೆಯುವುದು ‘ನ್ನಾಲೊಂಗೋ’ ಎಂದೇ. ಅವರು ಗೂಡು ಕಟ್ಟಿ ಎರಡು ವರ್ಷವಾಗಿದೆ, ಮಾಡಿನ ಹುಲ್ಲನ್ನು ಒಮ್ಮೆ ಬದಲಿಸಿಯೂ ಆಗಿದೆ. ಸದ್ಯಕ್ಕೆ ಅದರೊಳಗೆ ಒಂದು ಕೋಳಿ ಮೊಟ್ಟೆ ಇಡುತ್ತಿದೆ. ಈ ಸಲವೂ ಮರಿ ಉಳಿಯದಿದ್ದರೆ ಮುಬಿರು ಹಂದಿಯನ್ನೇ ಗುಂಪಿಗೆ ಹಿಂದಿರುಗಿಸಬೇಕು, ನ್ನಾಲೊಂಗೋ ಇನ್ನೊಂದು ವರ್ಷ ಕಾಯಬೇಕು. ಅದಕ್ಕೇ ಗುಂಪು ಪೆರ್ಪೆತುವಾ ಅವರನ್ನು ಇಲ್ಲಿಗೆ ಕಳಿಸಿದೆ.

ಪೆರ್ಪೆತುವಾ ಅವರಿಗೆ ಐವತ್ತೆಂಟು. ಓದಿದ್ದು ನಾಲ್ಕನೇ ತರಗತಿ. ಗಂಡ ತೀರಿಕೊಂಡು ಹದಿನೆಂಟು ವರ್ಷವಾಗಿದೆ. ತಮ್ಮ ನಾಲ್ಕು ಹಂದಿಗಳಿಗೆ ಮೇವು ಹಾಕಿ, ದಿನವೂ ಬೆಳಗ್ಗೆ ಒಂಬತ್ತು ಮನೆ ಸುತ್ತಿ ಅಲ್ಲಿಯ ಹಂದಿಗಳ ಮೇವು ನೋಡಿಕೊಳ್ಳುತ್ತಾರೆ. ಕೈಯಲ್ಲಿ ಒಂದು ಕಿಲೋ ತೌಡು ಹಿಡಿಯುವ ತಗಡಿನ ಡಬ್ಬಿ, ತಲೆಯ ಮೇಲೆ ಗೆಣಸಿನ ಬಳ್ಳಿಯ ಹೊರೆ. ಸಭೆಯಲ್ಲಿ ಅವರನ್ನು ಯಾರೂ ಮುಂದೆ ಕೂರಿಸುವುದಿಲ್ಲ. ನಾನು ಈ ಸೀಮೆಗೆ ಬಂದು ಹದಿನಾರು ವರ್ಷವಾಯಿತು, ಇಲ್ಲಿಯ ಹಂದಿಮಾಂಸವನ್ನು ಚಪ್ಪರಿಸಿ ತಿಂದಿದ್ದೇನೆ. ಅದರ ಹಿಂದೆ ಈ ಡಬ್ಬಿ ಇದೆ ಎಂದು ತಿಳಿದದ್ದು ಹೋದ ತಿಂಗಳು. ನಾಚಿಕೆಯ ಮಾತೇ ಸರಿ.

ಲೆಕ್ಕವೆಲ್ಲ ಡಬ್ಬಿಯಲ್ಲೇ. “ಬಸುರಿಗೆ ದಿನಕ್ಕೆ ಎರಡು ಡಬ್ಬಿ ಜೋಳದ ತೌಡು, ಮೇಲೆ ಬಳ್ಳಿ ಎಷ್ಟಾದ್ರೂ. ಕೊನೇ ಮೂರು ದಿನ ಒಂದೇ ಡಬ್ಬಿ. ಹೆರೋ ದಿನ ಬರೀ ನೀರು. ಆಮೇಲೆ ದಿನಾ ಒಂಚೂರು ಏರಿಸ್ತಾ ಹೋಗ್ಬೇಕು, ವಾರದಲ್ಲಿ ಐದು ಡಬ್ಬಿ ಮುಟ್ಟಿಸ್ಬೇಕು. ಹಾಲೂಡಿಸೋಳಿಗೆ ಜಿಪುಣತನ ಮಾಡಿದ್ರೆ ಮೈಯೆಲ್ಲ ಕರಗಿ ಮೂಳೆ ಕಾಣುತ್ತೆ.”

ಮರಿಗಳಿಗೆ ಮೂರನೇ ದಿನದಿಂದಲೇ ಹುತ್ತದ ಕೆಂಪು ಮಣ್ಣು. “ತಾಯಿ ಹಾಲಲ್ಲಿ ಸಾಲದ್ದು ಅದ್ರಲ್ಲಿದೆ. ಮಣ್ಣು ಇಲ್ದಿದ್ರೆ ಬಿಳಚಿಕೊಂಡು ಸಾಯ್ತವೆ.” ಎರಡು ವಾರಕ್ಕೆ ನುಣ್ಣಗೆ ಬೀಸಿದ ತೌಡು, ಎಂಟು ವಾರಕ್ಕೆ ಹಾಲು ಬಿಡಿಸುವುದು. ಬೆಳೆಯುವ ವಯಸ್ಸಿನಲ್ಲಿ ತೌಡಿಗೆ ಸರೋವರದ ಪುಟ್ಟ ಒಣಮೀನಿನ ಪುಡಿ ಬೆರೆಸಲೇಬೇಕು. ಆದರೆ ಕ್ರಿಸ್‌ಮಸ್‌ಗೆಂದು ಕೊಬ್ಬಿಸುವವುಗಳಿಗೆ ನವೆಂಬರ್‌ನಲ್ಲೇ ಮೀನು ಬಂದ್. “ಇಲ್ಲಾಂದ್ರೆ ಹಬ್ಬದ ದಿನ ನೆಂಟರು ಬಂದು, ಇದು ಹಂದಿಯೋ ಮೀನೋ ಅಂತ ಕೇಳ್ತಾರೆ.”

ಗಂಡು ಹಂದಿಗೆ?

“ಎರಡೇ ಡಬ್ಬಿ. ಹೊಟ್ಟೆ ಬಂದ ಗಂಡು ಯಾವ ಕೆಲಸಕ್ಕೂ ಬರಲ್ಲ,” ಎಂದು ನನ್ನ ಅಂಗಿಯ ಬಿಗಿದ ಗುಂಡಿಗಳತ್ತ ನೋಡುತ್ತಾರೆ. ಬೆಳಗಿನಿಂದ ಮುಖ ಊದಿಸಿಕೊಂಡಿದ್ದ ಮುಬಿರು ಮೊದಲ ಸಲ ನಗುತ್ತಾರೆ.

ಏಳೂವರೆಗೆ ಹಂದಿ ಒಣ ಬಾಳೆಎಲೆಗಳನ್ನು ಬಾಯಿಂದ ಎಳೆದು ರಾಶಿ ಮಾಡಲು ಶುರುಮಾಡುತ್ತದೆ. ಪೆರ್ಪೆತುವಾ ನೀರು ತುಂಬಿ, ಗೂಡಿನ ಹೊರಗೆ ಕೂರುತ್ತಾರೆ. ಮುಬಿರು ಒಳಗೂ ಹೊರಗೂ ಓಡಾಡುತ್ತಾರೆ. ಖಾಲಿ ತೊಟ್ಟಿ ನೋಡಲು ಅವರಿಂದ ಆಗುತ್ತಿಲ್ಲ.

“ಒಂದೇ ಒಂದು ಹಿಡಿ ಹಾಕ್ಲಾ?”

“ಕೂತ್ಕೊಳ್ಳಿ, ಯಜಮಾನ್ರೇ. ನಿಮ್ಮ ಸಂಕಟ ನಂಗೊತ್ತು.”

ಆಮೇಲೆ, ನಾನು ಕೇಳದೆಯೇ, ತಗ್ಗಿದ ದನಿಯಲ್ಲಿ ಹೇಳುತ್ತಾರೆ. “ಇಪ್ಪತ್ತೆರಡು ವರ್ಷದ ಹಿಂದೆ, ನನ್ನ ಮೊದಲನೇ ಹಂದಿ. ಹೆಸರು ಇಟ್ಟಿದ್ದೆ ಅದಕ್ಕೆ. ಮಗಳ ಹೆರಿಗೆಗೆ ಮಾಡೋ ಹಾಗೆ ಬಾಳೇಕಾಯಿ ಬೇಯಿಸಿ, ಕಡಲೆಕಾಯಿ ಅರೆದು ಹಾಕಿ ಹೊಟ್ಟೆ ತುಂಬ ತಿನ್ನಿಸ್ದೆ. ಬೆಳಗಾದ್ರೆ ಹಂದಿಗೆ ಜ್ವರ, ಕೆಚ್ಚಲು ಕಲ್ಲು. ಹತ್ತು ಮರಿ, ಮೂರೇ ದಿನ. ನಾನೇ ಕೊಂದಿದ್ದು. ಅಲ್ಲಿಂದೀಚೆಗೆ ಯಾವ ಹಂದಿಗೂ ಹೆಸರಿಡಲ್ಲ.”

ಮುಬಿರು ಎದ್ದು ಬೋಗುಣಿ ಎತ್ತಿಕೊಂಡು ಹೋಗುತ್ತಾರೆ. ಬಾಳೆಯ ಬುಡಕ್ಕೆ ಸುರಿದು ಬಂದು, ಅದನ್ನೇ ಬೋರಲು ಹಾಕಿ ಮೇಲೆ ಕೂರುತ್ತಾರೆ.

ಹತ್ತು ಗಂಟೆಗೆ ಮೊದಲ ಮರಿ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು. ಒಂದು ಸತ್ತೇ ಬಂದಿದೆ. ಸುದ್ದಿ ತಲುಪಿ ನ್ನಾಲೊಂಗೋ ಬಂದಿದ್ದಾರೆ, ಬೇಲಿಯಾಚೆ ನಿಂತಿದ್ದಾರೆ, ಕೇಳಲು ಧೈರ್ಯವಿಲ್ಲ. ಪೆರ್ಪೆತುವಾ ಮರಿಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾರೆ. ಆರು ಗಂಡು, ನಾಲ್ಕು ಹೆಣ್ಣು. ಆದರೂ ಅವರ ಮುಖದ ಬಿಗಿ ಸಡಿಲವಾಗುವುದಿಲ್ಲ. ಕೆಚ್ಚಲ ಮೇಲೆ ಅಂಗೈ ಇಟ್ಟು, ಒಂದು ಮೊಲೆಯನ್ನು ಮೆಲ್ಲಗೆ ಒತ್ತುತ್ತಾರೆ. ಬೆರಳ ತುದಿಗೆ ಹಳದಿ ಗಿಣ್ಣುಹಾಲು. ಆ ಬೆರಳನ್ನು ಮುಬಿರು ಅವರ ಮುಖದ ಮುಂದೆ ಹಿಡಿಯುತ್ತಾರೆ. ಮುದುಕ ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

“ನಾಳೆ ಎಷ್ಟು ಹಾಕ್ಲಿ, ಪೆರ್ಪೆತುವಾ?”

“ಒಂದು ಡಬ್ಬಿ. ಬಾಯಿಮಟ್ಟಕ್ಕೆ ಸವರಿ ಅಳೀರಿ, ಕುಪ್ಪೆ ಮಾಡ್ಬೇಡಿ.”

ಇಷ್ಟು ವರ್ಷ ಊರವರ ಹಂದಿ ನೋಡಿಕೊಂಡಿದ್ದಕ್ಕೆ ನಿಮಗೇನು ಬೇಕು ಎಂದು ಕೇಳುತ್ತೇನೆ. ಪ್ರಶ್ನೆ ಅವರಿಗೆ ವಿಚಿತ್ರವಾಗಿ ಕೇಳಿಸಿರಬೇಕು. ಡಬ್ಬಿ ತೊಳೆದು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೂ ಎಂಟು ಮನೆ ಬಾಕಿ ಇದೆ ಎನ್ನುತ್ತಾ ಹೊರಡುತ್ತಾರೆ. ಬೇಲಿಯ ಹತ್ತಿರ ಮಾತ್ರ ಒಂದು ಕ್ಷಣ ನಿಲ್ಲುತ್ತಾರೆ.

“ಏ ನ್ನಾಲೊಂಗೋ, ನಿನ್ನ ಗೂಡಲ್ಲಿ ಸಂಸಾರ ಹೂಡಿದಾಳಲ್ಲ, ಆ ಕೋಳಿಗೆ ಇವತ್ತೇ ಹೇಳ್ಬಿಡು. ಇನ್ನು ಎಂಟೇ ವಾರ.”