ದೊರೆಸಾನಿಯ ಪರವಾಗಿ

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು. ಅವಳ ಕಸುಬು ಸೀಟು ಹೊಲಿಯುವುದು. ಬಸ್ಸಿನ ಸೀಟು, ಕಾರಿನ ಸೀಟು, ಹಲ್ಲಿನ ಡಾಕ್ಟರ ಒರಗುಕುರ್ಚಿ, ಒಮ್ಮೆ ಯಾರದೋ ದೋಣಿಯದ್ದೂ. ಹಾಗಾಗಿ ಹೆಸರು ಕಸುಬಿನಿಂದ ಬಂತೆಂದು ಹೊಸಬರು ತಿಳಿಯುತ್ತಿದ್ದರು. ಅದು ನಾಲಿಗೆಯಿಂದ ಬಂದದ್ದೆಂದು ಹಳಬರಿಗೆ ಗೊತ್ತಿತ್ತು. "ನಾಳೆಗೇ ಬೇಕು" ಎಂದು ಅವಸರ ಮಾಡುವ ಲಾರಿ ಡ್ರೈವರಿಗೆ ಅವಳು ತಲೆಯನ್ನೂ ಎತ್ತದೆ, "ಅಲ್ಲೀವರೆಗೆ ನಿಂತ್ಕೊಂಡು ಓಡ್ಸು, ಬೊಜ್ಜು ಕರಗ್ತದೆ" ಎನ್ನುವಳು. ಅವನು ಗೊಣಗುತ್ತಾ ಹೋಗುವನು, ಮತ್ತೆ ಅವಳ ಹತ್ತಿರವೇ ಬರುವನು.

ಮಾವ ತೀರಿಕೊಂಡ ಮೇಲೆ ನಾನು ನನ್ನ ಬ್ಲೌಸು ಹೊಲಿಯುವ ಕೆಲಸ ಬಿಟ್ಟು ಅವಳ ಅಂಗಡಿ ಸೇರಿದೆ. ಅವಳು ಹೊಲಿಗೆಗೆ, ನಾನು ಕತ್ತರಿಗೆ. ರೆಕ್ಸಿನ್ನಿನ ವಾಸನೆ, ಅಂಟಿನ ವಾಸನೆ ನಮ್ಮ ತಲೆಗೂದಲಿಗೂ ಹತ್ತಿಕೊಂಡಿತ್ತು. ಅತ್ತೆಗೆ ಸಿನಿಮಾ ಎಂದರೆ ಪ್ರಾಣ. ಅಳಿಸುವುದಾಗಲಿ, ನಗಿಸುವುದಾಗಲಿ, ಯಾವುದಾದರೂ ಸರಿ, ಯುದ್ಧದ್ದೊಂದು ಬಿಟ್ಟು. ಟೀವಿಯಲ್ಲಿ ಫಿರಂಗಿ ಕಂಡರೆ ಸಾಕು, ಚಾನೆಲ್ ಬದಲಾಯಿಸುತ್ತಿದ್ದಳು. ಇಷ್ಟು ಗಟ್ಟಿ ಹೆಂಗಸು ಗುಂಡಿನ ಸದ್ದಿಗೆ ಹೆದರುತ್ತಾಳಲ್ಲ ಎಂದು ಮನೆಯಲ್ಲಿ ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ಹೋದ ವರ್ಷ ಬೀದಿಯ ಕೊನೆಯಲ್ಲಿರುವ ಟಾಕೀಸಿನ ಯಜಮಾನ ಅಂಗಡಿಗೆ ಬಂದ. ಬಾಲ್ಕನಿಯ ಸೀಟುಗಳಿಗೆಲ್ಲ ಹೊಸ ಹೊದಿಕೆ ಬೇಕಾಗಿತ್ತು.

"ಆ ಜನರಲ್ ಸಿನಿಮಾ ಮತ್ತೆ ಬರ್ತಿದೆ ಕಣಮ್ಮ. ಬಣ್ಣ, ಸೌಂಡು ಎಲ್ಲ ತೊಳೆದು ಹೊಸದರ ಹಾಗೆ ಮಾಡಿದಾರಂತೆ. ಸದ್ಯಕ್ಕೆ ಕೆಳಗಡೆ ಮಾತ್ರ ಟಿಕೆಟ್ ಕೊಡ್ತೀನಿ. ಜನ ಕಿತ್ಕೊಂಡು ಬರೋ ಹೊತ್ತಿಗೆ ಮೇಲಿನದೂ ರೆಡಿ ಆಗ್ಲಿ."

ಆ ಸಿನಿಮಾ ಗೊತ್ತಿಲ್ಲದವರು ಯಾರು? ಸೋತೇ ಹೋಯಿತೆನ್ನುವ ಯುದ್ಧವನ್ನು ಕುದುರೆ ಪಡೆ ನುಗ್ಗಿಸಿ ಗೆದ್ದ ಜನರಲ್ಲನ ಕಥೆ ಅದು. ಅವನ ಚಿತ್ರ ಶಾಲೆಯ ಪುಸ್ತಕದಲ್ಲೇ ಇತ್ತು. ನಾನು ಹುಟ್ಟುವುದಕ್ಕಿಂತ ಮುಂಚೆ ಬಂದ ಸಿನಿಮಾ. ಆದರೂ ನಮ್ಮ ಓರಗೆಯ ಗಂಡಸರೆಲ್ಲ ಅವನ ಹಾಗೆ ಗಂಟಲು ದಪ್ಪ ಮಾಡಿ ಒಮ್ಮೆಯಾದರೂ ಡೈಲಾಗ್ ಹೊಡೆದವರೇ.

ಅತ್ತೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡಳು. "ಸೀಟು ತಾನೇ. ಹೊಲಿಯೋಣ" ಎಂದಳು.

ದಿನಾ ಬೆಳಿಗ್ಗೆ ಆಟಕ್ಕೆ ಮುಂಚೆ ನಾವು ಹೋಗುತ್ತಿದ್ದೆವು. ಮೆಟ್ಟಿಲಿನ ಪಕ್ಕದ ಗೋಡೆಗೆ ಯಜಮಾನ ಹಸಿರು ಬಟ್ಟೆ ಹೊದಿಸಿದ ದೊಡ್ಡ ಹಲಗೆ ತೂಗುಹಾಕಿದ್ದ. ಮೇಲೆ "ವೀಕ್ಷಕರ ಅಭಿಪ್ರಾಯ" ಎಂದು ದಪ್ಪಕ್ಷರ. ಕೆಳಗೆ ಬಿಳಿ ಕಾರ್ಡು, ಗುಂಡುಪಿನ್ನು, ದಾರ ಕಟ್ಟಿದ ಪೆನ್ನು. ಹಲಗೆ ಬೇಗ ತುಂಬಿಕೊಂಡಿತು. "ಇಂಥ ಸೇನಾಪತಿ ಇನ್ನೊಬ್ಬ ಹುಟ್ಟಲಿಲ್ಲ" ಎಂದು ಒಬ್ಬರು. ಅದರ ಪಕ್ಕದಲ್ಲೇ, "ಹುಟ್ಟದೇ ಇದ್ದದ್ದೇ ಪುಣ್ಯ. ಹೆಸರಿಗಾಗಿ ಊರ ಮಕ್ಕಳನ್ನೆಲ್ಲ ಸಾಯಿಸಿದವನು" ಎಂದು ಇನ್ನೊಬ್ಬರು. "ಇಂಟರ್‌ವಲ್ ಆದ ಮೇಲೆ ಎಳೆದಿದ್ದಾರೆ." "ಮೀಸೆ ಸೂಪರ್." "ನನ್ನ ಹೆಂಡತಿ ನಿದ್ದೆ ಹೊಡೆದಳು. ನಾನು ಕಣ್ಣೀರು ಹಾಕಿದೆ."

ಅತ್ತೆ ಅಂಟಿನ ಡಬ್ಬ ಸೊಂಟಕ್ಕೊತ್ತಿಕೊಂಡು ಒಂದೊಂದನ್ನೇ ಓದಿ ನಗುತ್ತಿದ್ದಳು. "ಸತ್ತು ಮಣ್ಣಾದೋನಿಗೆ ಈಗ ಪಾಸು ಫೇಲು ಮಾಡ್ತಾ ಕೂತಿದಾರೆ ನೋಡು."

ಒಂದು ಬೆಳಿಗ್ಗೆ ಆ ನಗು ನಿಂತಿತು. ಮುದ್ದಾದ ಅಕ್ಷರದಲ್ಲಿ ಬರೆದ ಕಾರ್ಡೊಂದರ ಮುಂದೆ ಅವಳು ನಿಂತುಬಿಟ್ಟಿದ್ದಳು. "ಗಟ್ಟಿಯಾಗಿ ಓದು" ಎಂದಳು. ಓದಿದೆ.

"ನೆಲಕ್ಕುರುಳಿದ ಬಿಳಿ ಕುದುರೆಯ ತಲೆಯನ್ನು ಜನರಲ್ ತೊಡೆಯ ಮೇಲಿಟ್ಟುಕೊಳ್ಳುವ ದೃಶ್ಯವೇ ಇಡೀ ಚಿತ್ರದ ಕಿರೀಟ. ನಾಯಕನ ಕಣ್ಣೀರಿಗಿಂತ ನನಗೆ ಹಿಡಿಸಿದ್ದು ಕುದುರೆಯ ನಟನೆ. ಆ ಕಾಲಿನ ಅದುರುವಿಕೆ, ಕಣ್ಣು ತಿರುಗಿಸುವ ರೀತಿ! ಅದಕ್ಕೆ ತರಬೇತಿ ಕೊಟ್ಟ ಪುಣ್ಯಾತ್ಮನಿಗೆ ಶಭಾಷ್."

ಅತ್ತೆ ಮೆಟ್ಟಿಲ ಮೇಲೆ ಕುಳಿತಳು. ಮುಖ ಕೆಂಪೇರಿತ್ತು. ಮೈಗೆ ಹುಷಾರಿಲ್ಲವೇನೋ ಎಂದು ನಾನು ನೀರು ತರಲು ಹೊರಟೆ. ಸೆರಗು ಹಿಡಿದು ನಿಲ್ಲಿಸಿದಳು.

"ಆ ಪುಣ್ಯಾತ್ಮ ಯಾರು ಗೊತ್ತೇನೇ? ನಿಮ್ಮ ತಾತ."

ತಾತ ಮೊದಲು ಕುದುರೆ ಸಾಕುತ್ತಿದ್ದರೆಂದು ನನಗೆ ಗೊತ್ತಿತ್ತು, ಅಷ್ಟೆ. ಅಪ್ಪ ಅದರ ಬಗ್ಗೆ ಬಾಯಿ ಬಿಟ್ಟವರಲ್ಲ. ಆವತ್ತು ಅರ್ಧ ಬಿಚ್ಚಿದ ಸೀಟುಗಳ ಮಧ್ಯೆ ಕುಳಿತು ಅತ್ತೆ ಎಲ್ಲವನ್ನೂ ಹೇಳಿದಳು.

ಆ ಬಿಳಿ ಕುದುರೆ ಅವರ ಮನೆಯದು. ನಡೆಯುವ ಠೀವಿ ನೋಡಿ ದೊರೆಸಾನಿ ಎಂದು ಕರೆಯುತ್ತಿದ್ದರಂತೆ. ಸಿನಿಮಾದವರು ಬಾಡಿಗೆಗೆ ಕೇಳಿದಾಗ ತಾತ ಒಪ್ಪಿ, ಜೊತೆಗೆ ತಾವೂ ಹೋದರು. ಇನ್ನೂ ಲಂಗ ತೊಡುತ್ತಿದ್ದ ಅತ್ತೆಯೂ ಹಟ ಮಾಡಿ ಹೋದಳು. ಕೊನೆಯ ಯುದ್ಧದ ದೃಶ್ಯಕ್ಕೆ ಕುದುರೆ ಬೀಳಬೇಕಿತ್ತು. ಮುಂಗಾಲಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಮರಳಿನಲ್ಲಿ ಹೂತ ಗೂಟಕ್ಕೆ ಬಿಗಿಯುತ್ತಾರೆ. ಕುದುರೆ ಜೋರಾಗಿ ಓಡಿ ತಂತಿಯ ಅಳತೆ ಮುಗಿದ ಕೂಡಲೇ ಕಾಲು ಹಿಂದಕ್ಕೆ ಎಳೆದಂತಾಗಿ ತಲೆಕೆಳಗಾಗುತ್ತದೆ. ತಾತ ಸುತರಾಂ ಆಗದು ಎಂದರು. ಸರಿ ಬಿಡಿ ಎಂದು ಅವರೂ ಒಪ್ಪಿದ ಹಾಗೆ ಮಾಡಿದರು. ಮಾರನೆಯ ದಿನ ತಾತನನ್ನು ಬೇರೆ ಕುದುರೆಗಳಿಗೆ ನೀರು ಕುಡಿಸಲು ದೂರ ಕಳಿಸಿ, ದೊರೆಸಾನಿಯ ಕಾಲಿಗೆ ತಂತಿ ಕಟ್ಟಿದರು.

"ನಾನು ಅಲ್ಲೇ ಇದ್ದೆ ಕಣೇ. ಬೆನ್ನು ಮುರಿದ ಸದ್ದು ನನಗೆ ಕೇಳಿಸ್ತು. ಎದ್ದೇಳೋಕೆ ನೋಡ್ತಾ ಇದ್ದಾಳೆ, ಆಗ್ತಿಲ್ಲ. ಕ್ಯಾಮೆರಾ ನಿಲ್ಲಿಸ್ಲೇ ಇಲ್ಲ. ಆ ನಟ ಓಡಿ ಬಂದು ತಲೆ ತೊಡೆ ಮೇಲಿಟ್ಕೊಂಡ. ಒಂದು ಸಲ ಅತ್ತ. ಕಣ್ಣೀರು ಸಾಲ್ದು ಅಂದ್ರು, ಇನ್ನೊಂದು ಸಲ ಅತ್ತ. ಅಷ್ಟೊತ್ತೂ ಅವಳಿಗೆ ಜೀವ ಇತ್ತು. ನಮ್ಮಪ್ಪ ಓಡಿ ಬಂದ್ರೆ ಇಬ್ಬರು ಹಿಡ್ಕೊಂಡ್ರು. ಹತ್ರ ಹೋಗ್ಬೇಡಪ್ಪ, ನಿನ್ನ ನೆರಳು ಚಿತ್ರದಲ್ಲಿ ಬೀಳ್ತದೆ ಅಂದ್ರು."

ತಾತ ಆಮೇಲೆ ಉಳಿದ ಕುದುರೆಗಳನ್ನೂ ಮಾರಿ, ಕುದುರೆಯ ಜೀನು ಹೊಲಿಯುತ್ತಿದ್ದ ಕೈಯಲ್ಲಿ ಬಸ್ಸಿನ ಸೀಟು ಹೊಲಿಯಲು ಶುರುಮಾಡಿದರು. ಸಿನಿಮಾಕ್ಕೆ ಬಹುಮಾನದ ಮೇಲೆ ಬಹುಮಾನ ಬಂತು.

ಅತ್ತೆ ಕೆಳಗಿಳಿದು ಒಂದು ಕಾರ್ಡು ತೆಗೆದುಕೊಂಡು ಬರೆದಳು: "ಅದು ನಟನೆ ಅಲ್ಲ, ಸಾವು. ಕಾಲಿಗೆ ತಂತಿ ಕಟ್ಟಿ ಬೀಳಿಸಿದ್ದು. ಕುದುರೆ ನಮ್ಮದು." ಆ ಹೊಗಳಿಕೆಯ ಪಕ್ಕದಲ್ಲೇ ಚುಚ್ಚಿದಳು.

ಸಂಜೆಯ ಹೊತ್ತಿಗೆ ಕಾರ್ಡು ಮಾಯವಾಗಿತ್ತು. ಮಾರನೆಯ ದಿನ ಮತ್ತೆ ಬರೆದಳು, ಅದೂ ಮಾಯ. ಮೀಸೆ ಸೂಪರ್ ಮಾತ್ರ ಅಲ್ಲಾಡದೆ ಇತ್ತು. ಅತ್ತೆ ನೇರವಾಗಿ ಯಜಮಾನನ ಕೋಣೆಗೆ ನುಗ್ಗಿದಳು, ನಾನು ಹಿಂದೆ.

"ನನ್ನ ಕಾರ್ಡು ಎಲ್ಲಿ?"

ಯಜಮಾನ ನಗುಮುಖದಲ್ಲೇ ಹೇಳಿದ. "ಜನ ಖುಷಿಯಾಗಿರೋಣ ಅಂತ ಬರ್ತಾರಮ್ಮ. ನಾನು ಕೇಳಿದ್ದು ಅಭಿಪ್ರಾಯ. ನೀನು ಬರೆದಿರೋದು ಆರೋಪ."

"ಚೆನ್ನಾಗಿದೆ ಅಂದ್ರೆ ಅಭಿಪ್ರಾಯ, ಸಾಯಿಸಿದ್ರು ಅಂದ್ರೆ ಆರೋಪ. ಅಲ್ವಾ?"

"ಎಷ್ಟು ಹಳೇ ಕಥೆ! ಸಾಕ್ಷಿ ಏನಿದೆ ಹೇಳು."

"ಸಾಕ್ಷೀನಾ? ದಿನಾ ಆಟಕ್ಕೊಂದು ಸಲ ನಿಮ್ಮ ಪರದೆ ಮೇಲೆ ಸಾಯ್ತಾ ಇದೆಯಲ್ಲ, ಹೋಗಿ ನೋಡಿ!"

ಅವನ ನಗು ಹೋಯಿತು. ಕೆಲಸಕ್ಕೆ ಬಂದವಳು ಕೆಲಸ ನೋಡಿಕೊಂಡು ಹೋಗಬೇಕು ಎಂದ. ಅತ್ತೆ ಬಾಲ್ಕನಿಗೆ ಹತ್ತಿ ಸುತ್ತಿಗೆ, ಸೂಜಿ, ನೂಲಿನುಂಡೆ ಎಲ್ಲವನ್ನೂ ಚೀಲಕ್ಕೆ ತುಂಬಿ ಅಲ್ಲಿಂದಲೇ ಹೊರಟಳು. ಬಾಲ್ಕನಿಯ ಅರ್ಧ ಸೀಟುಗಳು ಹೊಟ್ಟೆ ಬಗೆದ ಹಾಗೆ ಹತ್ತಿ ಕಾರಿಕೊಂಡು ಬಿದ್ದಿದ್ದವು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಅತ್ತೆಯ ಪರ ನಿಂತವರು ಕಡಿಮೆ. "ಒಂದು ಕುದುರೆಗೆ ಇಷ್ಟು ರಂಪಾನಾ? ಆ ಯುದ್ಧದಲ್ಲಿ ಎಷ್ಟು ಜನ ಸತ್ರು!" ಎಂದು ಎದುರಿನ ಗ್ಯಾರೇಜಿನವನು ಕೇಳಿದ. ಅತ್ತೆ, "ಅವರನ್ನೂ ಕ್ಯಾಮೆರಾ ಮುಂದೆ ಸಾಯಿಸಿದ್ರಾ? ಇಲ್ಲ ತಾನೇ? ನಟರು ಸತ್ತ ಹಾಗೆ ಮಾಡಿದ್ರಲ್ಲ, ಅದಕ್ಕೆ ನಟನೆ ಅಂತಾರೆ" ಎಂದಳು. ಅವನು ಸ್ಪ್ಯಾನರು ಹುಡುಕುವ ನೆಪದಲ್ಲಿ ಜೀಪಿನಡಿ ತೂರಿಕೊಂಡ.

ಆ ಮುದ್ದಾದ ಅಕ್ಷರದವರು ಒಂದು ಮಧ್ಯಾಹ್ನ ತಾವೇ ಅಂಗಡಿಗೆ ಬಂದರು. ನೋಡಿದರೆ ನಮ್ಮದೇ ಬೀದಿಯ ಔಷಧಿ ಅಂಗಡಿಯವರು! ಅತ್ತೆಯ ಬಿಪಿ ಮಾತ್ರೆ ಕೊಡುವವರೂ ಅವರೇ. ಮುಖ ಸಣ್ಣದಾಗಿತ್ತು.

"ನಾನು ಹೊಗಳಿ ಬರೆದದ್ದಮ್ಮ. ನಮ್ಮಪ್ಪ ನನ್ನ ಕೈ ಹಿಡ್ಕೊಂಡು ತೋರಿಸಿದ ಮೊದಲನೇ ಸಿನಿಮಾ ಅದು. ನನಗೇನು ಗೊತ್ತಿತ್ತು?"

"ಗೊತ್ತಿರ್ಲಿಲ್ಲ ಅಂತ ನಾನು ಬೈತಿಲ್ಲ. ಈಗ ಗೊತ್ತಾಯ್ತಲ್ಲ, ಏನ್ಮಾಡ್ತೀರಿ?"

"ಏನು ಮಾಡೋಕಾಗುತ್ತೆ? ಆ ಕಾಲ ಹಾಗಿತ್ತು."

"ಕಾಲ ಬಂದು ತಂತಿ ಕಟ್ಟಲಿಲ್ಲ ಸ್ವಾಮಿ. ಕೈ ಇದ್ದ ಮನುಷ್ಯರು ಕಟ್ಟಿದ್ದು."

ಅವರಿಗೂ ಸಿಟ್ಟು ಬಂತು. "ಇನ್ಮೇಲೆ ಆ ಸಿನಿಮಾ ನಾನು ನೋಡೋ ಹಾಗೇ ಇಲ್ಲ, ಅಲ್ವಾ? ಹಾಳು ಮಾಡಿಬಿಟ್ರಿ!" ಎಂದು ಚಪ್ಪಲಿ ಮೆಟ್ಟಿ ಸರಸರ ಹೋಗಿಬಿಟ್ಟರು.

ಭಾನುವಾರ ಅತ್ತೆ ಟಿಕೆಟ್ ತೆಗೆಸಿದಳು. ಬೇಡ ಎಂದರೂ ಕೇಳಲಿಲ್ಲ. ಸಿನಿಮಾ ಶುರುವಾಯಿತು. ಮೊದಲರ್ಧ ಮುಗಿಯುವವರೆಗೆ ಅತ್ತೆ ಮಿಸುಕಲಿಲ್ಲ. ಜನರಲ್ ತನ್ನ ತಾಯಿಗೆ ವಿದಾಯ ಹೇಳುವಾಗ ಅತ್ತೆ ಮೂಗು ಒರೆಸಿಕೊಂಡದ್ದನ್ನೂ ನೋಡಿದೆ. ಆಮೇಲೆ ಆ ಬಯಲು ಬಂತು. ಧೂಳೆಬ್ಬಿಸಿಕೊಂಡು ಕುದುರೆಗಳು ನುಗ್ಗಿದವು, ಮುಂದೆ ಬಿಳಿಯದು. ಹಾಲೆಲ್ಲ ಶಿಳ್ಳೆ. ಬಿಳಿ ಕುದುರೆ ಗಾಳಿಯಲ್ಲಿ ಮಗುಚಿ ಬಿದ್ದಾಗ ಜನ ಚಪ್ಪಾಳೆ ಹೊಡೆದರು.

ಅತ್ತೆ ಎದ್ದು ನಿಂತಳು. "ಅವಳು ನಿಜವಾಗ್ಲೂ ಸಾಯ್ತಿದಾಳೆ ಕಣ್ರೋ! ಬೆನ್ನು ಮುರಿದಿದೆ! ಚಪ್ಪಾಳೆ ಯಾಕ್ರೋ ಹೊಡೀತೀರಿ?"

ಯಾರೋ ಶ್ಶ್ ಎಂದರು. ಯಾರೋ ನಕ್ಕರು. "ಅಜ್ಜಿ, ಕೂತ್ಕೋ, ಅದು ಸಿನಿಮಾ" ಎಂದ ಹಿಂದಿನ ಸಾಲಿನ ಯುವಕ. ಆ "ಅದು ಸಿನಿಮಾ" ಎಂಬ ಮಾತಿಗೆ ಅತ್ತೆಯ ಮೈಯೆಲ್ಲ ಉರಿದುಹೋಯಿತು. ಪರದೆಯ ಮೇಲೆ ಜನರಲ್ ಕುದುರೆಯ ಹಣೆಗೆ ಹಣೆ ಹಚ್ಚಿ ಬಿಕ್ಕುತ್ತಿದ್ದ. ಅತ್ತೆ, "ಅಳ್ತಾನಂತೆ, ಅಳ್ತಾನೆ! ಎರಡು ಸಲ ಅತ್ತ!" ಎಂದು ಕೂಗುತ್ತಲೇ ಇದ್ದಳು. ಗೇಟಿನವನು ಟಾರ್ಚು ಬಿಟ್ಟುಕೊಂಡು ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋದ. ಪಾಪ, ಅವನು ಒಂದು ಒರಟು ಮಾತೂ ಆಡಲಿಲ್ಲ.

ಮನೆಗೆ ಹೋಗೋಣ ಎಂದೆ. ಅವಳು ಟಾಕೀಸಿನ ಬಾಗಿಲಲ್ಲೇ ನಿಂತಳು. ಆಟ ಬಿಟ್ಟಾಗ ಹೊರಬಂದವರಿಗೆಲ್ಲ ಕುದುರೆಗೆ ಆದದ್ದನ್ನು ಕೂಗಿ ಹೇಳತೊಡಗಿದಳು. ಹೆಚ್ಚಿನವರು ಹುಚ್ಚಿಯಿಂದ ತಪ್ಪಿಸಿಕೊಳ್ಳುವ ಹಾಗೆ ಗೋಡೆಗಂಟಿಕೊಂಡು ಹೋದರು. ಕೆಲವರು ನಿಂತರು. ಹಿಂದಿನ ಸಾಲಿನ ಆ ಯುವಕನೂ ನಿಂತು ಕೊನೆಯವರೆಗೂ ಕೇಳಿಸಿಕೊಂಡ. ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಹೆಂಗಸೊಬ್ಬಳು, "ಅದಕ್ಕೆ ಹೆಸರು ಏನಿತ್ತು?" ಎಂದು ಕೇಳಿದಳು. ಅಷ್ಟು ಹೊತ್ತೂ ಗುಡುಗುತ್ತಿದ್ದ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ದೊರೆಸಾನಿ ಎಂದು ನಾನೇ ಹೇಳಬೇಕಾಯಿತು.

ಮಾರನೆಯ ದಿನ ಅಭಿಪ್ರಾಯದ ಹಲಗೆಯೇ ಇರಲಿಲ್ಲ. ಅತ್ತೆಯ ಒಂದು ಕಾರ್ಡು ಇಡಬೇಕಾದೀತೆಂದು ಯಜಮಾನ ಎಲ್ಲರ ಬಾಯಿಯನ್ನೂ ಮುಚ್ಚಿಸಿದ್ದ. ಸಿನಿಮಾ ಇನ್ನೂ ಕೆಲವು ವಾರ ಜೋರಾಗಿಯೇ ನಡೆಯಿತು. ಬಾಲ್ಕನಿಯನ್ನು ಬೇರೆ ಯಾರನ್ನೋ ಕರೆಸಿ ಹೊಲಿಸಿದರು.

ನನ್ನ ಅಪ್ಪ ವಿಷಯ ಕೇಳಿ ಅಕ್ಕನನ್ನು ನೋಡಲು ಬಂದರು. ಬೈಯಲು ಬಂದಿದ್ದಾರೆಂದುಕೊಂಡೆ. ರೆಕ್ಸಿನ್ ಸುರುಳಿಯ ಮೇಲೆ ಕುಳಿತು, "ದೊರೆಸಾನೀನೂ ಮಾರಿಬಿಟ್ವಿ ಅಂತ ನನಗೆ ಹೇಳಿದ್ರಿ ಅಕ್ಕ" ಎಂದರು. ಅರವತ್ತು ದಾಟಿದ ಮನುಷ್ಯ. "ನೀನು ಊಟ ಬಿಟ್ಬಿಡ್ತಿದ್ದೆ, ಅದಕ್ಕೇ" ಎಂದಳು ಅತ್ತೆ.

ಔಷಧಿ ಅಂಗಡಿಯವರು ಮತ್ತೆ ಬಂದದ್ದು ತಿಂಗಳಾದ ಮೇಲೆ. ಆ ಚಿತ್ರವನ್ನು ಹೊಸದು ಮಾಡಿದ ಕಂಪನಿಗೆ ಅವರು ಈಮೇಲ್ ಕಳಿಸಿದ್ದರಂತೆ. ನಡೆದದ್ದನ್ನೆಲ್ಲ ಬರೆದು, ಚಿತ್ರದ ಮೊದಲಿಗೆ ಒಂದು ಸಾಲು ಹಾಕಿ ಎಂದು ಕೇಳಿದ್ದರಂತೆ. ಉತ್ತರ ಬಂದಿತ್ತು. ಸಿಟ್ಟಿನಲ್ಲೇ ಫೋನನ್ನು ಅತ್ತೆಯ ಮುಂದೆ ಹಿಡಿದರು.

"ಚಿತ್ರ ನೋಡಿದ್ದಕ್ಕೆ ಧನ್ಯವಾದ ಅಂತೆ. ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಕೇಳಿದಾರೆ!"

ಅತ್ತೆ ಜೋರಾಗಿ ನಕ್ಕಳು. ಆಮೇಲೆ ಅವರನ್ನು ಕೂರಿಸಿ ಚಹಾ ತರಿಸಿದಳು. ಅವರು ಮೆಲ್ಲಗೆ ಕೇಳಿದರು, "ಅದೊಂದು ಬಿಟ್ರೆ, ಸಿನಿಮಾ ನಿಮಗೆ ಹೇಗನ್ನಿಸ್ತು?"

"ಚೆನ್ನಾಗಿದೆ. ಅದೇ ನನ್ನ ಹೊಟ್ಟೆ ಉರಿಸೋದು. ಡಬ್ಬ ಸಿನಿಮಾ ಆಗಿದ್ದಿದ್ರೆ ಯಾವತ್ತೋ ಮೂಲೆ ಸೇರ್ತಿತ್ತು, ಅವಳು ಒಂದೇ ಸಲ ಸಾಯ್ತಿದ್ಲು."

ಆ ಕಂಪನಿಯ ಪುಟದಲ್ಲಿ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದಿತ್ತು. ಅತ್ತೆ ಹೇಳಿದಳು, ಅವರು ಟೈಪು ಮಾಡಿದರು. ಸ್ಟಾರ್ ಕೊಡದೆ ಮುಂದೆ ಹೋಗಲು ಬಿಡುವುದಿಲ್ಲ ಎಂದಾಗ, ಒಂದು ಒತ್ತಿ ಎಂದಳು. "ಅದು ಜನರಲ್‌ಗೂ ಅಲ್ಲ, ಆ ಅಳುಬುರುಕನಿಗೂ ಅಲ್ಲ, ನಮ್ಮ ಹುಡುಗಿಗೆ ಅಂತ ಬರೀರಿ."

ಅದು ಈಗಲೂ ಅಲ್ಲಿದೆ. ಕೆಳಗೆ ಜನ ಬರೆಯುತ್ತಲೇ ಇರುತ್ತಾರೆ. ಸುಳ್ಳು ಎನ್ನುತ್ತಾರೆ, ಪ್ರಚಾರದ ಆಸೆ ಎನ್ನುತ್ತಾರೆ, ಅಪರೂಪಕ್ಕೆ ಒಬ್ಬರು ಕ್ಷಮಿಸಿ ಎನ್ನುತ್ತಾರೆ. ಔಷಧಿ ಅಂಗಡಿಯವರು ಊಟದ ಬಿಡುವಿನಲ್ಲಿ ಬಂದು ಓದಿ ಹೇಳುತ್ತಾರೆ. ಅತ್ತೆ ಹೊಲಿಯುತ್ತಲೇ ಒಬ್ಬೊಬ್ಬರಿಗೂ ಉತ್ತರ ಹೇಳಿ ಬರೆಸುತ್ತಾಳೆ. ನಿನ್ನೆ ಯಾರೋ, "ಇಷ್ಟು ವರ್ಷ ಎಲ್ಲಿದ್ದಿರಿ?" ಎಂದು ಕೇಳಿದ್ದರು.

"ಸೀಟು ಹೊಲೀತಾ ಇದ್ದೆ ಅಂತ ಹಾಕಿ," ಎಂದಳು ಅತ್ತೆ. "ನೀವೆಲ್ಲ ಆರಾಮಾಗಿ ಕೂತು ನೋಡ್ಲಿ ಅಂತ."