ಅಮೃತಬಳ್ಳಿಯ ತಂಬುಳಿ

ಅಕ್ಕನಿಗೆ ಅಮ್ಮ ತನ್ನ ಒಂದು ಕಿಡ್ನಿ ಕೊಟ್ಟಿದ್ದಳು. ಮಂಗಳೂರಿನ ಆಸ್ಪತ್ರೆಯಿಂದ ಇಬ್ಬರೂ ಕುಂಬ್ರದ ಮನೆಗೆ ಮರಳಿದ ಮೇಲೆ, ನೋಡಲು ಬಂದವರಿಗೆಲ್ಲ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದಳು: “ಇದರೊಳಗೆ ಅಮ್ಮ ಕೂತಿದ್ದಾಳೆ ಮಾರಾಯ್ರೆ. ಉಪ್ಪು ಚೂರು ಜಾಸ್ತಿಯಾದ್ರೆ ಒಳಗಿಂದಲೇ ಬೈಗುಳ.”

ಅಮ್ಮ ನಗುತ್ತಿರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು, “ಇವರಿಗೆ ರೋಗನಿರೋಧಕ ಶಕ್ತಿ ಕಡಿಮೆ ಇರ್ತದೆ, ಜಾಗ್ರತೆ” ಎಂದಿದ್ದರು. ಕಡಿಮೆ ಇದ್ದದ್ದನ್ನು ಹೆಚ್ಚು ಮಾಡಬೇಕು ಎಂಬುದಲ್ಲದೆ ಬೇರೆ ಅರ್ಥ ನಮ್ಮ ಮನೆಯಲ್ಲಿ ಯಾರಿಗೆ ಹೊಳೆಯಬೇಕು? ಕೊರೋನಾ ಕಾಲದಲ್ಲಿ ಹಿತ್ತಲಿನ ಮಾವಿನ ಮರಕ್ಕೆ ಅಮೃತಬಳ್ಳಿ ಹಬ್ಬಿಸಿದ್ದೆವು. ಅದರ ಎಲೆ ಬಾಡಿಸಿ, ಜೀರಿಗೆ, ಕಾಯಿತುರಿ ಸೇರಿಸಿ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ನಮ್ಮಲ್ಲಿ ಊಟದ ಮೊದಲ ತುತ್ತು ತಂಬುಳಿಯದ್ದೇ. ಅಕ್ಕನ ಬಟ್ಟಲಿಗೆ ಅಮ್ಮ ದಿನಾ ಅದನ್ನೇ ಬಡಿಸತೊಡಗಿದಳು.

ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರು ಕೇಳುತ್ತಿದ್ದರು. “ಬೇರೆ ಎಂತಾದ್ರೂ ಮದ್ದು ಉಂಟಾ? ಕಷಾಯ, ಲೇಹ್ಯ?”

“ಇಲ್ಲಪ್ಪ, ಒಂದು ಹನಿಯೂ ಇಲ್ಲ.”

ಅಮ್ಮ ಹೇಳಿದ್ದು ಸುಳ್ಳಲ್ಲ. ಆಟಿ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಕುಡಿಯುವ ಹಾಲೆಮರದ ಕಷಾಯವನ್ನೂ ಆ ವರ್ಷ ಅಕ್ಕನ ಹತ್ತಿರ ಸುಳಿಯಗೊಡಲಿಲ್ಲ. ಅದು ಮದ್ದು. ಲೋಟದಲ್ಲಿ ಕುಡಿದರೆ ಮದ್ದು, ಅನ್ನಕ್ಕೆ ಕಲಸಿದರೆ ಊಟ. ನಮ್ಮ ಕಡೆ ಯಾರನ್ನು ಕೇಳಿದರೂ ಹೀಗೇ ಹೇಳಿಯಾರು.

ಅಕ್ಕನ ಕಾಲು ಊದಿತು. ಮತ್ತೆ ಮಂಗಳೂರು. ಏನೇನು ತಿನ್ನುತ್ತಾಳೆಂದು ಡಾಕ್ಟರು ಬಿಡಿಸಿ ಕೇಳಿದರು. ಅಮ್ಮ ಹೆಮ್ಮೆಯಿಂದಲೇ ಶುರುಮಾಡಿದಳು. ಗಂಜಿ, ಹೀರೆಕಾಯಿ ಪಲ್ಯ, ಅಮೃತಬಳ್ಳಿ ತಂಬುಳಿ... ಬರೆಯುತ್ತಿದ್ದ ಕೈ ನಿಂತಿತು.

“ಅಮ್ಮಾ, ನಿಮ್ಮ ಕಿಡ್ನಿ ಇವರ ಮೈಗೆ ಹೊರಗಿನದ್ದು. ಅದನ್ನು ಓಡಿಸ್ಲಿಕ್ಕೆ ಬರುವ ಕಾವಲುಗಾರರನ್ನು ಮಾತ್ರೆ ಕೊಟ್ಟು ಮಲಗಿಸಿದ್ದೇವೆ. ಈ ಬಳ್ಳಿಯ ಅಂಶ ಅವರನ್ನು ಎಬ್ಬಿಸಲೂಬಹುದು. ಅದರಿಂದಲೇ ಹೀಗಾಯ್ತು ಅಂತ ನಾನು ಹೇಳುದಿಲ್ಲ. ಆದರೆ ಇನ್ನು ಕೊಡ್ಬೇಡಿ.”

“ನನ್ನದು ಅವಳಿಗೆ ಹೊರಗಿನದ್ದಾ?” ಎಂದಳು ಅಮ್ಮ.

ಕಿಡ್ನಿ ಉಳಿಸಲು ಕೊಟ್ಟ ದೊಡ್ಡ ಇಂಜೆಕ್ಷನ್ನುಗಳೂ ಹಿಡಿಯಲಿಲ್ಲ. ಆ ಕಿಡ್ನಿ ಹೋಯಿತೆಂದು ತಿಳಿದ ದಿನ ಅಮ್ಮ ಸೆರಗು ಸರಿಮಾಡಿಕೊಂಡು ಡಾಕ್ಟರ ಎದುರು ನಿಂತಳು. “ಇನ್ನೊಂದು ಉಂಟಲ್ಲ ನನ್ನ ಹತ್ರ. ಅದನ್ನು ತೆಗೀರಿ.” ಅವರು ಕುರ್ಚಿ ಎಳೆದು ಅವಳನ್ನು ಕೂರಿಸಿದರು.

ಮನೆಗೆ ಬಂದವಳೇ ಕತ್ತಿ ಹಿಡಿದು ಬಳ್ಳಿಯನ್ನು ಬುಡದಲ್ಲೇ ಕಡಿದಳು. ಅಮೃತಬಳ್ಳಿ ಹಾಗೆಲ್ಲ ಸಾಯುವುದಿಲ್ಲ. ಮರದ ಮೇಲೆ ಉಳಿದ ತುಂಡು ಸಪೂರ ಬೇರುಗಳನ್ನು ನೂಲಿನ ಹಾಗೆ ಮಣ್ಣಿಗೆ ಇಳಿಬಿಡುತ್ತದೆ. ಅವನ್ನೂ ಅಮ್ಮ ಹುಡುಕಿ ಹುಡುಕಿ ಕತ್ತರಿಸುತ್ತಾಳೆ. ಪುತ್ತೂರಿಗೆ ಡಯಾಲಿಸಿಸ್‌ಗೆ ಹೋಗಿಬಂದ ಅಕ್ಕ ಬಾಗಿಲಿಗೆ ಒರಗಿ ಅದನ್ನು ನೋಡುತ್ತಾಳೆ.

“ಬಿಡಮ್ಮ ಅದನ್ನು. ಇನ್ನು ನನ್ನದು ಎಂತ ಉಂಟು ಅದಕ್ಕೆ ಹಾಳು ಮಾಡ್ಲಿಕ್ಕೆ?”

ಅಮ್ಮ ಕೈ ತೊಳೆದು ಒಳಗೆ ಬಂದು ಅಕ್ಕನ ಬಟ್ಟಲಿಗೆ ಅನ್ನ ಹಾಕುತ್ತಾಳೆ. ಮೊದಲ ತುತ್ತಿಗೆ ಏನು ಬಡಿಸುವುದೆಂದು ತಿಳಿಯದೆ, ಸೌಟು ಹಿಡಿದು ಹಾಗೆಯೇ ನಿಂತಿರುತ್ತಾಳೆ.